ತಲೆ ಜಜ್ಜದ ಹಾವು

ನಮ್ಮ ಕಡೆ ಹಾವು ಹೊಡೆದವರು ಅದರ ತಲೆ ಜಜ್ಜದೆ ಬಿಡುವುದಿಲ್ಲ. ಪ್ರಾಣ ಹೋದ ಮೇಲೂ ಕಲ್ಲು ತಂದು, ತಲೆಯನ್ನು ಚಟ್ನಿ ಅರೆದ ಹಾಗೆ ಅರೆದು, ಆಮೇಲೆ ಬೆಂಕಿಗೆ ಹಾಕುತ್ತಾರೆ. ಜಜ್ಜದಿದ್ದರೆ ಹೊಡೆದವರ ಮುಖ ಹಾವಿನ ಕಣ್ಣಿನಲ್ಲಿ ಹಾಗೇ ಉಳಿದುಬಿಡುತ್ತದಂತೆ. ಅದರ ಜೋಡಿ ಬಂದು, ಆ ಕಣ್ಣಿನಲ್ಲಿ ಮುಖ ನೋಡಿ, ಗುರುತಿಟ್ಟುಕೊಂಡು ಹಗೆ ತೀರಿಸಿಕೊಳ್ಳುತ್ತದಂತೆ. ನಾನು ಇದನ್ನು ಕರಿಹಲಗೆಯ ಮೇಲೆ ‘ಮೂಢನಂಬಿಕೆ’ ಎಂಬ ತಲೆಬರಹದ ಕೆಳಗೆ ಒಂದನೇ ನಂಬರು ಹಾಕಿ ಬರೆದವನು. ಬರೆದು ಮಕ್ಕಳ ಜೊತೆ ನಾನೂ ನಕ್ಕವನು. ಎಂಥ ಜಾಣ!

ಆಗ ನಾನು ಚಿನ್ನದ ಗಣಿಯ ಉರಿಗಾಂ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅರವತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದ ಬಿಸಿ ಇನ್ನೂ ಆರಿರಲಿಲ್ಲ. ಶಾಲೆಯಲ್ಲಿ ಒಂದು ಹಳೆಯ ಗಾಜಿನ ಬೀರು ಖಾಲಿ ಬಿದ್ದಿತ್ತು. ಅದರಲ್ಲಿ ಹಾವುಗಳ ಸಂಗ್ರಹ ಮಾಡಬೇಕು, ಅದೂ ಸುಮ್ಮನೆ ಸಾಲಾಗಿ ಇಡುವುದಲ್ಲ, ಯಾವುದು ಯಾವುದರ ಬಳಗ ಎಂದು ವಿಂಗಡಿಸಿ ಇಡಬೇಕು ಅಂತ ಹುಚ್ಚು ಹಿಡಿಯಿತು. ಬಂಗಾರಪೇಟೆಯ ಪೇಟೆಬೀದಿಗೆ ಹೋಗಿ ಅಂಗಡಿಗಳವರು ಬಿಟ್ಟ ಪೆಪ್ಪರ್‌ಮೆಂಟ್ ಭರಣಿಗಳನ್ನು ಗೋಣಿಯಲ್ಲಿ ತುಂಬಿ ರೈಲಿನಲ್ಲಿ ತಂದೆ. ಅವುಗಳಿಗೆ ಸ್ಪಿರಿಟ್ ಹುಯ್ದು ಕಾದೆ. ಹಾವಿಗೇನೂ ಕೊರತೆಯಿರಲಿಲ್ಲ. ಗಣಿ ಕೆಲಸಗಾರರು ಇರುವ ಲೈನುಮನೆಗಳ ಹಿಂದೆ, ಕಲ್ಲಿನ ರಾಶಿಗಳಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬುಡದ ಪೊದೆಗಳಲ್ಲಿ ಬೇಕಾದಷ್ಟಿದ್ದವು. ಪಾಳಿ ಮುಗಿಸಿ ಬರುವವರು ಹೊಡೆದು, ಕೋಲಿಗೆ ನೇತುಹಾಕಿಕೊಂಡು ತಂದುಕೊಡುತ್ತಿದ್ದರು. ಒಂದಕ್ಕಾದರೂ ತಲೆ ಇರಬೇಕಲ್ಲ! ಕುತ್ತಿಗೆಯ ಮೇಲೆ ಬರೀ ಮಾಂಸದ ಮುದ್ದೆ.

ಹಾವಿನ ಕುಲ ತಿಳಿಯುವುದಕ್ಕೆ ಮೊದಲು ನೋಡಬೇಕಾದದ್ದೇ ತಲೆ. ತಲೆಯ ಮೇಲಿನ ಹುರುಪೆಗಳು ದೊಡ್ಡವೋ ಸಣ್ಣವೋ, ಎಷ್ಟು, ಹೇಗೆ ಜೋಡಿಸಿವೆ, ಬಾಯೊಳಗೆ ವಿಷದ ಹಲ್ಲು ಮುಂದಿದೆಯೋ ಹಿಂದಿದೆಯೋ, ಇಲ್ಲವೇ ಇಲ್ಲವೋ. ಅದು ಬಿಟ್ಟರೆ ಹೊಟ್ಟೆಯ ಪಟ್ಟೆ, ಬಾಲ. ಮೈಬಣ್ಣ ನಂಬುವ ಹಾಗಿಲ್ಲ; ಸ್ಪಿರಿಟ್ಟಿನಲ್ಲಿ ಎರಡು ತಿಂಗಳಿಗೆ ಎಲ್ಲ ಹಾವೂ ಒಂದೇ ಬೂದು. ನೆಲದಡಿ ಬಂಡೆ ಸಿಡಿದಾಗಲೆಲ್ಲ ನನ್ನ ತಲೆಯಿಲ್ಲದ ಹಾವುಗಳು ಬೀರುವಿನಲ್ಲಿ ಗಲಗಲ ಅಲ್ಲಾಡುತ್ತಿದ್ದವು.

ಆ ವರ್ಷ ಶಾಲೆಯ ತನಿಖೆಗೆ ಬಂದ ಇನ್‌ಸ್ಪೆಕ್ಟರು ಬೀರುವಿನ ಮುಂದೆ ನಿಂತು, ಕನ್ನಡಕ ಮೇಲೆ ಮಾಡಿ, ಎಲ್ಲ ಮೇಷ್ಟ್ರುಗಳ ಎದುರಿಗೇ, ‘ಏನ್ರೀ ಮೇಷ್ಟ್ರೇ, ನಿಮ್ಮ ಹಾವುಗಳಿಗೆಲ್ಲ ತಲೆಯೇ ಇಲ್ಲವಲ್ಲ! ತಲೆ ಇಲ್ಲದವರು ಮಾಡಿದ ಸಂಗ್ರಹವೋ?’ ಅಂದರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಮುಂದಿನ ತನಿಖೆಯೊಳಗೆ ಪೂರ್ತಿ ತಲೆಯಿರುವ ಒಂದು ಹಾವನ್ನಾದರೂ ಇಟ್ಟು ತೋರಿಸುತ್ತೇನೆ ಎಂದು ಹಟ ಹುಟ್ಟಿತು. ಆ ಹಟಕ್ಕೆ ಏನು ತೆರಬೇಕಾಗುತ್ತದೆ ಎಂದು ಗೊತ್ತಿದ್ದರೆ ಬೀರುವನ್ನೇ ಒಡೆದು ಸೌದೆ ಮಾಡುತ್ತಿದ್ದೆ.

ಕ್ಯಾಸಂಬಳ್ಳಿಯಿಂದ ಒಂದು ಮೈಲಿ ಒಳಗಿನ ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ. ಅಲ್ಲಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮದುವೆಯಾಗಿ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಬಾವ ಒಳ್ಳೆಯವನು, ಮಾತು ಕಡಿಮೆ. ಎರಡು ಹಸು, ಒಂದಿಷ್ಟು ರಾಗಿ ಹೊಲ, ಒಬ್ಬಳೇ ಮಗಳು. ಅಕ್ಕನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ನಾನು ಮೇಷ್ಟ್ರಾದ ಮೇಲೆ ಮಾತ್ರ ಊರಿನಲ್ಲಿ ತಲೆ ಎತ್ತಿ ನಡೆದವಳು. ‘ನಮ್ ತಮ್ಮ ಏಳವ್ನೆ’ ಅಂದರೆ ಅದರ ಮೇಲೆ ಮಾತಿಲ್ಲ.

ಒಂದು ಭಾನುವಾರ ನಾನು ಹೋದಾಗ ಅವಳು ಹೊಲದ ಬದುವಿನಲ್ಲಿ ಒಂದು ಹಾವು ಹೊಡೆದು ಹಾಕಿದ್ದಳು. ಗುಂಡಗೆ, ಮೈ ತುಂಬ ಕಂದು ಮಚ್ಚೆ. ಎಂದಿನ ಹಾಗೆ ತಲೆ ಜಜ್ಜಿತ್ತು. ಬಾಲ ನೋಡಿದೆ: ಗಿಡ್ಡ, ಮೊಂಡು, ಕತ್ತರಿಸಿ ತೆಗೆದ ಹಾಗೆ. ಮಣ್ಣುಮುಕ್ಕ. ಪಾಪದ ಹಾವು, ವಿಷವಿಲ್ಲ. ಬರೀ ಮೈಮಚ್ಚೆಯಿಂದಾಗಿ ಜನ ಕೊಳಕುಮಂಡಲವೆಂದು ಹೆದರಿ ಕೊಲ್ಲುತ್ತಾರೆ. ನಾನು ರೇಗಿದೆ.

‘ಅಕ್ಕಾ, ಇದನ್ನ ಯಾಕೆ ಕೊಂದೆ? ಇದು ಕಚ್ಚಿದರೂ ಏನೂ ಆಗಲ್ಲ.’

‘ಮಂಡಲ ಕಣ್ಲಾ ಅದು! ಮೈ ನೋಡು.’

‘ಮೈ ನೋಡಬೇಡ. ಇದು ಮಣ್ಣುಮುಕ್ಕ.’

‘ಆಗ್ಲಿ ಬುಡು, ಅದೇನು ಕಮ್ಮೀನಾ? ನೆಕ್ಕಿದ್ರೆ ತೊನ್ನು ಬತ್ತದೆ.’

ನನಗೆ ಮೇಷ್ಟ್ರ ಪಿತ್ತ ಕೆರಳಿತು. ಅವಳನ್ನು ಅಲ್ಲೇ ಬದುವಿನ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡಿದೆ. ಕಡ್ಡಿಯಿಂದ ಮಣ್ಣಿನ ಮೇಲೆ ಒಂದು ಮರ ಬರೆದೆ. ಇದು ಬುಡ, ಎಲ್ಲ ಹಾವಿನ ಮೂಲ. ಇಲ್ಲಿಂದ ಕೊಂಬೆ ಒಡೆದವು. ಹೆಬ್ಬಾವು ಮತ್ತು ಮಣ್ಣುಮುಕ್ಕ ಒಂದು ಕೊಂಬೆಯವು, ದಾಯಾದಿಗಳು. ಮಂಡಲ ಎಲ್ಲೋ ದೂರದ ಬೇರೆ ಕೊಂಬೆ. ಮಣ್ಣುಮುಕ್ಕಕ್ಕೂ ಮಂಡಲಕ್ಕೂ ಮೈಬಣ್ಣ ಒಂದೇ ಥರ ಬಂದದ್ದು ನೆಂಟಸ್ತನದಿಂದಲ್ಲ, ಎರಡೂ ಒಣಹುಲ್ಲಿನಲ್ಲಿ ಅಡಗಿ ಬದುಕುವುದರಿಂದ. ಹೋಲುವುದೆಲ್ಲ ನೆಂಟರಲ್ಲ, ನೆಂಟರೆಲ್ಲ ಹೋಲುವುದಿಲ್ಲ. ಇನ್ನೂ ಏನೇನೋ ಹೇಳಿದೆ. ಅವಳು ಕುಡುಗೋಲಿನ ಹಿಡಿಯಿಂದ ಬೆನ್ನು ಕೆರೆದುಕೊಳ್ಳುತ್ತ ಕೇಳಿದಳು.

ಅವಳದೂ ಒಂದು ವಿಂಗಡಣೆ ಇತ್ತು. ಎರಡೇ ಗುಂಪು: ಕಚ್ಚಿದರೆ ಸಾಯುವುದು, ಕಚ್ಚಿದರೂ ಸಾಯದೇ ಇರುವುದು. ಅನುಮಾನ ಬಂದರೆ ಮೊದಲನೆಯದಕ್ಕೆ ಸೇರಿಸು, ದೂರ ನಿಲ್ಲು, ಕೋಲು ತಗೋ. ಅವಳ ಅಜ್ಜಿ, ಮುತ್ತಜ್ಜಿ ಈ ವಿಂಗಡಣೆಯಿಂದಲೇ ಬರಿಗಾಲಿನಲ್ಲಿ ಹುಲ್ಲು ಕೊಯ್ದು ಮುದುಕಿಯರಾಗಿದ್ದರು. ನನ್ನ ಮರ ಅದಕ್ಕಿಂತ ಸರಿಯಾದದ್ದು, ಇವತ್ತಿಗೂ ಅದರಲ್ಲಿ ತಪ್ಪಿಲ್ಲ. ಬದುವಿನ ಮೇಲೆ ಹುಲ್ಲು ಕೊಯ್ಯುವವಳಿಗೆ ಮಾತ್ರ ಅದು ಬೇಕಿರಲಿಲ್ಲ. ಇದು ತಿಳಿಯುವುದಕ್ಕೆ ಡಿಗ್ರಿ ಸಾಲದೆ ಹೋಯಿತು ನನಗೆ. ಓದಿ ಓದಿ ಮರುಳಾದ ಕೂಚಂಭಟ್ಟ ಅಂತ ಸುಮ್ಮನೆ ಹೇಳುತ್ತಾರೆಯೇ?

ಆದರೂ ಅವಳು ನಂಬುತ್ತಿರಲಿಲ್ಲ. ನಂಬಿಸಿದ್ದು ಕಾಲು.

‘ನೋಡಕ್ಕಾ, ಇದೂ ಹೆಬ್ಬಾವೂ ಒಂದೇ ಬಳಗ ಅನ್ನೋದಕ್ಕೆ ಸಾಕ್ಷಿ ತೋರಿಸ್ತೀನಿ. ಇವಕ್ಕೆ ಇನ್ನೂ ಕಾಲಿನ ಗುರುತಿದೆ.’

ಅವಳು ಬಿದ್ದು ಬಿದ್ದು ನಕ್ಕಳು. ‘ಆವಿನ ಕಾಲು ಆವೇ ಬಲ್ದು ಅಂತ ಗಾದೆ. ಇವ್ನು ನೋಡಿಬುಟ್ಟವ್ನಂತೆ!’

ನಾನು ಸತ್ತ ಹಾವನ್ನು ಮಗುಚಿ, ಬಾಲ ಶುರುವಾಗುವ ಕಡೆ, ಎರಡು ಬದಿಯಲ್ಲೂ ಹುರುಪೆಯ ಸಂದಿಯಿಂದ ಇಣುಕುವ ಕೊಕ್ಕೆಯಂಥ ಸಣ್ಣ ಉಗುರುಗಳನ್ನು ಕಡ್ಡಿಯಿಂದ ಎಬ್ಬಿಸಿ ತೋರಿಸಿದೆ. ಕೋಟ್ಯಂತರ ವರ್ಷದ ಹಿಂದಿನ ಕಾಲುಗಳಲ್ಲಿ ಉಳಿದದ್ದು ಇಷ್ಟೇ ಎಂದೆ. ಅವಳ ನಗು ನಿಂತುಹೋಯಿತು. ಮಂಡಿಯೂರಿ ಬಗ್ಗಿ, ಬೆರಳ ತುದಿಯಿಂದ ಮುಟ್ಟಿ, ಮತ್ತೆ ಮುಟ್ಟಿ ನೋಡಿದಳು. ಹುಟ್ಟಿದಾಗಿನಿಂದ ಬಾಯಲ್ಲಿದ್ದ ಗಾದೆಯ ಕಾಲು ಕಣ್ಣೆದುರಿಗೆ ಇತ್ತು, ತೋರಿಸಿದವನು ತಾನು ಸೊಂಟದ ಮೇಲೆ ಹೊತ್ತ ತಮ್ಮ.

‘ಶಿವನೇ, ನಿಜ ಕಣಪ್ಪ! ಐತೆ!’ ಅಂದಳು. ‘ಮಂಡಲಕ್ಕೆ ಇರಲ್ವಾ?’

‘ಇರಲ್ಲ. ಬಾಲವೂ ಮೊಂಡಾಗಿರಲ್ಲ, ಸಣ್ಣಗೆ ಉದ್ದಕ್ಕಿರುತ್ತೆ.’

ಅಷ್ಟಕ್ಕೇ ಬಿಟ್ಟಿದ್ದರೆ! ನನ್ನ ನಾಲಿಗೆ ಬಿದ್ದುಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಇನ್‌ಸ್ಪೆಕ್ಟರ ಮಾತು ಇನ್ನೂ ಕಿವಿಯಲ್ಲಿತ್ತಲ್ಲ. ‘ಇನ್ನೊಂದು ಮಣ್ಣುಮುಕ್ಕ ಕಂಡರೆ ಹೊಡೀಬೇಡ ಅಕ್ಕಾ, ತಲೆ ಜಜ್ಜಬೇಡ. ಹಾಗೇ ಮಡಕೆಗೆ ಹಾಕಿ ಇಡು. ನನಗೆ ಪೂರ್ತಿ ತಲೆ ಇರೋದು ಒಂದು ಬೇಕು,’ ಅಂದೆ. ‘ಅದಕ್ಕೇನು, ಆಗ್ಲಿ’ ಅಂದಳು, ತುಪ್ಪ ಬೇಕು ಅಂದರೆ ಹೇಳುವ ಹಾಗೆ.

ಎರಡು ತಿಂಗಳು ಕಳೆದಿರಬಹುದು. ಮೂರನೇ ಪಿರಿಯಡ್ಡು, ಒಂಬತ್ತನೇ ತರಗತಿಗೆ ಪಾಠ ನಡೆದಿತ್ತು. ಕಿಟಕಿಯಾಚೆ ಜಗಲಿಯ ಮೇಲೆ ಅಕ್ಕ ಬಂದು ಕೂತಳು. ಮಡಿಲಲ್ಲಿ ಒಂದು ಮಡಕೆ, ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿತ್ತು. ನನ್ನನ್ನು ಕಂಡು ನಕ್ಕಳು. ನಾನು ಸೀಮೆಸುಣ್ಣ ಹಿಡಿದ ಕೈಯಲ್ಲೇ ‘ಇರು’ ಎಂದು ಸನ್ನೆ ಮಾಡಿ ಪಾಠ ಮುಂದುವರಿಸಿದೆ. ಪಾಠ ಯಾವುದಾಗಿತ್ತೋ ನೆನಪಿಲ್ಲ. ಅರ್ಧ ಗಂಟೆ ಅವಳು ಅಲ್ಲಿ ಕೂತಿದ್ದಳು ಎನ್ನುವುದು ಮಾತ್ರ ಮರೆಯುವುದಿಲ್ಲ.

ಗಂಟೆ ಹೊಡೆದ ಮೇಲೆ ಹೊರಗೆ ಬಂದೆ. ‘ತಂದಿವ್ನಿ ಕಣಪ್ಪ. ತಲೆ ಜಜ್ಜಿಲ್ಲ, ನೀನು ಏಳ್ದಂಗೆ. ಬಸ್ನಲ್ಲಿ ಕಂಡಕ್ಟ್ರು ಏನಮ್ಮ ಅದು ಅಂದ, ಮಜ್ಜಿಗೆ ಅಂದೆ’ ಅಂತ ನಕ್ಕಳು. ಹಣೆಯೆಲ್ಲ ಬೆವರು. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

ನಾನು ಕೈ ನೋಡಲಿಲ್ಲ. ಮಡಕೆ ತೆಗೆದುಕೊಂಡು ಪ್ರಯೋಗದ ಕೋಣೆಗೆ ಹೋಗಿ, ನೀರಿಲ್ಲದ ಗಾಜಿನ ತೊಟ್ಟಿಗೆ ಬಗ್ಗಿಸಿದೆ. ಹಾವು ಧೊಪ್ಪನೆ ಬಿದ್ದು ಸುರುಳಿ ಬಿಚ್ಚಿತು. ಬಾಲ ಕಾಣಿಸಿತು: ಸಣ್ಣಗಾಗುತ್ತ, ಉದ್ದಕ್ಕೆ, ಚೂಪಾಗಿ ಹೋಗಿತ್ತು. ಬೆನ್ನಿನ ಮಚ್ಚೆಗಳು ಸರಪಳಿಯ ಹಾಗೆ ಒಂದಕ್ಕೊಂದು ಕೂಡಿದ್ದವು. ಅದು ಬುಸುಗುಟ್ಟಿದ ಸದ್ದಿಗೆ ನಮ್ಮ ಶಾಲೆಯ ಜವಾನ ಬಾಗಿಲಿಂದಲೇ ಚೀರಿದ. ಅವನು ತಮಿಳಿನವನು, ಗಣಿಯ ಲೈನಿನಲ್ಲೇ ಹುಟ್ಟಿ ಬೆಳೆದವನು, ಮೂರನೇ ತರಗತಿ ದಾಟಿದವನಲ್ಲ.

‘ಐಯೋ ಸಾರ್, ಕಣ್ಣಾಡಿ ವಿರಿಯನ್ ಸಾರ್! ಮಂಡಲ ಸಾರ್ ಅದು!’

ಅಂದವನೇ ಮೂಲೆಯಲ್ಲಿದ್ದ ಕಬ್ಬಿಣದ ಸರಳು ಎತ್ತಿದ. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? ‘ತಲೆಗೆ ಹೊಡೀಬೇಡ!’ ಆ ಮಾತು ಆಡಿದ ಮೇಲೆ ನಾನು ತಿರುಗಿ ಅಕ್ಕನ ಕಡೆ ನೋಡಿದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಬಾಗಿಲಲ್ಲಿ ನಿಂತಿದ್ದ ಅವಳ ಮುಖ ಸಪ್ಪಗಾಗಿತ್ತು. ‘ಮಂಡಲಾನಾ? ಅಲ್ವಲ್ಲ, ಮಣ್ಣುಮುಕ್ಕ ಅಲ್ವಾ? ಕಚ್ಚದೇನೋ ಕಚ್ತು. ಏನೂ ಆಗಲ್ಲ ಅಂತ ನೀನೇ ಏಳಿದ್ಯಲ್ಲ’ ಅಂತ ಸೆರಗು ತೆಗೆದಳು. ಹೆಬ್ಬೆರಳಿಂದ ಮೊಣಕೈವರೆಗೆ ಊದಿ ಕಪ್ಪಗಾಗಿತ್ತು.

ಬೆಳಗಿನ ಹೊತ್ತು ಹುಲ್ಲು ಕೊಯ್ಯುವಾಗ ಕಂಡಿತಂತೆ. ಬಾಲ ಹುಲ್ಲಿನೊಳಗಿತ್ತು. ಬಾಲ ನೋಡು ಎಂದು ಹೇಳಿದ್ದೆನಲ್ಲ, ಹುಲ್ಲಿನಲ್ಲಿ ಬಾಲ ಎಲ್ಲಿ ಕಾಣುತ್ತದೆ? ಅವಳು ತಪ್ಪಾಗಬಾರದು ಅಂತ, ಬೇರೆ ಹಾವು ಒಯ್ದು ತಮ್ಮನಿಗೆ ನಾಚಿಕೆ ಆಗಬಾರದು ಅಂತ, ಮೇಲೆ ಬಟ್ಟೆ ಹಾಕಿ ಒತ್ತಿ ಹಿಡಿದು, ಮಗುಚಿ, ಕಾಲು ಹುಡುಕಿದಳು. ಬಗ್ಗಿ ಕಾಲು ಹುಡುಕುವಾಗ ಕಚ್ಚಿತು. ಆದರೂ ಮಣ್ಣುಮುಕ್ಕವೇ ಎಂದು ನಂಬಿ, ಬಿಡದೆ ಮಡಕೆಗೆ ಹಾಕಿ ಬಾಯಿ ಕಟ್ಟಿದಳು. ಮನೆಗೆ ಬಂದು ಒಂದೇ ಕೈಯಲ್ಲಿ ಹಾಲು ಕರೆದಳು. ಮಗಳಿಗೆ ಮುದ್ದೆ ಮಾಡಿಟ್ಟಳು. ಬಾವ ಆ ಹೊತ್ತಿಗೆ ಹೊಲಕ್ಕೆ ಹೋಗಿದ್ದ. ಇದ್ದಿದ್ದರೆ, ಒಂದು ಸಲ ನೋಡಿ ರಕ್ತಪಿಂಜರಿ ಅಂತ ಮಂಡಲದ ತೆಲುಗು ಹೆಸರು ಕೂಗಿಕೊಂಡು ಅವಳನ್ನು ಹೊತ್ತುಕೊಂಡು ಓಡುತ್ತಿದ್ದ. ಜವಾನನಿಗೆ ಗೊತ್ತಿತ್ತು, ಬಾವನಿಗೆ ಗೊತ್ತಿತ್ತು, ಎರಡು ತಿಂಗಳ ಹಿಂದಿನವರೆಗೆ ಅಕ್ಕನಿಗೂ ಗೊತ್ತಿತ್ತು. ಆಮೇಲೆ ನಾನು ಕಲಿಸಿದೆ.

ದೊಡ್ಡಾಸ್ಪತ್ರೆಯಲ್ಲಿ ಅವಳು ಮೂರು ದಿನ ಇದ್ದಳು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ‘ಕಚ್ಚಿದ ಕೂಡಲೇ ಬಂದಿದ್ದರೆ ಬೇರೆ ಮಾತು. ಇಷ್ಟು ಹೊತ್ತು ಏನು ಮಾಡ್ತಿದ್ರಿ?’ ಎಂದು ನನ್ನನ್ನು ಕೇಳಿದರು. ಎರಡನೇ ದಿನಕ್ಕೆ ಒಸಡಿನಲ್ಲಿ ರಕ್ತ ಬಂತು, ಉಚ್ಚೆ ನಿಂತಿತು. ಎಚ್ಚರ ಮಾತ್ರ ಇತ್ತು. ನಾನು ಕಾಲ ಬಳಿ ಕೂತು, ‘ಅಕ್ಕಾ, ನನ್ನನ್ನ ಬೈಯಕ್ಕಾ. ಒಂದು ಸಲ ಬಯ್ಯಿ’ ಎಂದು ಅತ್ತೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

‘ನೀನು ಓದಿರೋನು, ನೀನು ಏಳದು ಸುಳ್ಳಾಗಲ್ಲ’ ಅಂದಳು. ಊದಿದ ಕೈ ನೋಡಿಕೊಂಡು, ‘ನಾನೇ ಸರ್ಯಾಗಿ ನೋಡ್ಲಿಲ್ಲ ಕಣಪ್ಪ. ಕಾಲು ಇತ್ತಾ ಅದ್ಕೆ?’ ಅಂದಳು.

‘ಇತ್ತಕ್ಕಾ’ ಅಂದೆ.

‘ಮತ್ತೆ?’ ಅಂದಳು. ಗೆದ್ದವಳ ಹಾಗೆ ಒಂಚೂರು ನಕ್ಕಳು. ಮಾರನೆಯ ದಿನ ಮಧ್ಯಾಹ್ನ ಹೋದಳು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ಅವಳು. ಗಾದೆ ಮಾಡಿದವರಿಗೆ ಇದು ಗೊತ್ತಿರಲಿಲ್ಲವೋ ಏನೋ.

ಮಣ್ಣು ಮಾಡಿ ಬಂದ ಮೇಲೆ ಬಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಮಗಳು ಅವನ ಪಕ್ಕದಲ್ಲಿ. ಹತ್ತು ಹನ್ನೊಂದರ ಹುಡುಗಿ, ನನ್ನನ್ನು ಕಂಡರೆ ‘ಮಾವಾ’ ಎಂದು ಕೂಗಿಕೊಂಡು ಊರ ಬಾಗಿಲಿಗೇ ಓಡಿಬರುತ್ತಿದ್ದವಳು. ಬಾವ ಒಂದೇ ಮಾತು ಕೇಳಿದ.

‘ಅದ್ರ ತಲೆ ಜಜ್ಜಿದ್ರಾ?’

‘ಜಜ್ಜಿದೆ’ ಅಂದೆ. ‘ಸುಟ್ಟೂ ಹಾಕಿದೆ.’

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಸುಳ್ಳು. ಅಕ್ಕ ಆಸ್ಪತ್ರೆಯಲ್ಲಿದ್ದ ಎರಡನೇ ದಿನವೇ ನಾನು ಶಾಲೆಗೆ ಹೋಗಿ, ಜವಾನ ಹೊಡೆಯದೆ ತೊಟ್ಟಿಗೆ ಹಲಗೆ ಮುಚ್ಚಿ ಬಿಟ್ಟಿದ್ದ ಅದನ್ನು ಕ್ಲೋರೋಫಾರಂ ಹತ್ತಿ ಹಾಕಿ ಸಾಯಿಸಿ, ಸ್ಪಿರಿಟ್ಟಿಗೆ ಇಳಿಸಿದ್ದೆ. ಕೈ ನಡುಗಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಹಾಳು ಕೈ ನಡುಗಲಿಲ್ಲ. ತಲೆ ಮೇಲೆ ಬರುವಂತೆ, ಹುರುಪೆ ಚೆನ್ನಾಗಿ ಕಾಣುವಂತೆ ಗಾಜಿನ ಪಟ್ಟಿಗೆ ದಾರದಿಂದ ಕಟ್ಟಿದೆ. ಚೀಟಿಯಲ್ಲಿ ‘ಕೊಳಕುಮಂಡಲ’ ಎಂದು ಬರೆದೆ, ದೊರೆತ ಜಾಗ ಕ್ಯಾಸಂಬಳ್ಳಿ ಎಂದು ಬರೆದೆ, ತಾರೀಖು ಹಾಕಿದೆ. ಸಂಗ್ರಹಿಸಿದವರು ಎನ್ನುವಲ್ಲಿ ಖಾಲಿ ಬಿಟ್ಟೆ. ಇನ್ನೊಬ್ಬರು ಹೀಗೆ ಸಾಯಬಾರದು, ಮಕ್ಕಳು ನೋಡಿ ಕಲಿಯಬೇಕು, ಅದಕ್ಕೇ ಇಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ನಿಜವೂ ಇರಬಹುದು. ಆದರೆ ಮರುವರ್ಷ ಇನ್‌ಸ್ಪೆಕ್ಟರು ಬಂದು ‘ಭೇಷ್, ಈ ಸಲ ತಲೆ ಇದೆ!’ ಎಂದು ಬೆನ್ನು ತಟ್ಟಿದಾಗ, ಒಂದು ಕ್ಷಣ, ಒಂದೇ ಕ್ಷಣ, ನನಗೆ ಹಿತವಾಯಿತು. ಆ ಕ್ಷಣವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮೂರು ವರ್ಷದ ಮೇಲೆ ಅಕ್ಕನ ಮಗಳು ನಮ್ಮ ಶಾಲೆಗೇ ಸೇರಿದಳು. ಓದಿಸಲೇಬೇಕು ಎಂದು ಬಾವನನ್ನು ಕಾಡಿ ಒಪ್ಪಿಸಿದವನು ನಾನೇ. ಕ್ಯಾಸಂಬಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ‘ಇಲ್ಲಿ ಮಾವ ಅನ್ನಬಾರದು, ಎಲ್ಲರ ಹಾಗೆ ಸಾರ್ ಅನ್ನಬೇಕು’ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದೆ. ಗೇಟಿನ ಹೊರಗೆ ಮಾವ, ಒಳಗೆ ಸಾರ್. ಅವಳಿಗೆ ಅದೊಂದು ಆಟವಾಗಿತ್ತು.

ಅವಳು ಒಂಬತ್ತನೇ ತರಗತಿಗೆ ಬಂದ ವರ್ಷ ಹಾವಿನ ಪಾಠ ಬಂತು. ಮನಸ್ಸು ಮಾಡಿದ್ದರೆ ಆ ಭರಣಿಯನ್ನು ಹಿಂದಕ್ಕೆ ಸರಿಸಿಡಬಹುದಿತ್ತು. ಸರಿಸಲಿಲ್ಲ. ಪೂರ್ತಿ ತಲೆಯಿದ್ದದ್ದು ಅದೊಂದಕ್ಕೇ, ಅದಿಲ್ಲದೆ ಪಾಠವಾಗುವುದಿಲ್ಲ. ಮೇಜಿನ ಮೇಲೆ ಮಣ್ಣುಮುಕ್ಕದ ಭರಣಿ, ಅದರ ಪಕ್ಕ ಇದು. ಕರಿಹಲಗೆಯ ಮೇಲೆ ಅದೇ ಮರ, ಅದೇ ಕೊಂಬೆಗಳು. ‘ಮೈ ನೋಡಿ ಮೋಸಹೋಗಬೇಡಿ. ಗೊತ್ತಾಗದಿದ್ದರೆ ಮುಟ್ಟಬೇಡಿ, ದೂರ ನಿಲ್ಲಿ’ ಎಂದು ಅಕ್ಕನ ಪಾಠವನ್ನೂ ಈಗ ಸೇರಿಸಿದ್ದೆ. ಮಕ್ಕಳು ಸಾಲಾಗಿ ಬಂದು ನೋಡಿ ಹೋಗುತ್ತಿದ್ದರು. ಅವಳ ಸರದಿ ಬಂತು.

ಅವಳು ಚೀಟಿ ಓದಿದಳು. ಅವರವ್ವನಿಗೆ ಓದಲು ಬರುತ್ತಿರಲಿಲ್ಲ, ಇವಳಿಗೆ ಬರುತ್ತಿತ್ತು. ಓದು ಕಲಿಸಿದವನು ನಾನೇ. ಊರು ಓದಿದಳು, ತಾರೀಖು ಓದಿದಳು. ಆಮೇಲೆ ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ತಲೆ ನೋಡಿದಳು. ಸ್ಪಿರಿಟ್ಟಿನಲ್ಲಿ ಅದರ ಕಣ್ಣು ಬೆಳ್ಳಗೆ ಬೆಂದುಹೋಗಿತ್ತು. ಹಿಂದಿನವರು ‘ಪಕ್ಕಕ್ಕೆ ಸರಿಯೇ, ಬೇಗ’ ಎಂದು ತಳ್ಳಿದರು. ಅವಳು ಸರಿಯಲಿಲ್ಲ.

‘ಸಾರ್,’ ಅಂದಳು. ‘ಇದ್ರ ತಲೆ ಜಜ್ಜಿಲ್ಲ.’

ತರಗತಿಗೆ ಅರ್ಥವಾಗಲಿಲ್ಲ. ಒಬ್ಬಿಬ್ಬರು ನಕ್ಕರು.

‘ಇಲ್ಲಮ್ಮ,’ ಅಂದೆ. ‘ಜಜ್ಜಿಲ್ಲ.’

ಅವಳು ಹೋಗಿ ಜಾಗದಲ್ಲಿ ಕೂತು, ನೋಟ್‌ಬುಕ್ ತೆರೆದು, ಎಲ್ಲರ ಹಾಗೆ ಚಿತ್ರ ಬರೆದಳು. ಚೆನ್ನಾಗಿಯೇ ಬರೆದಳು, ತಲೆಯ ಹುರುಪೆ ಒಂದನ್ನೂ ಬಿಟ್ಟಿರಲಿಲ್ಲ. ನಾನು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ಬಾವನಿಗೆ ಅವಳು ಹೇಳಿದಳೋ ಇಲ್ಲವೋ ತಿಳಿಯದು. ಅವನು ಎಂದೂ ಕೇಳಲಿಲ್ಲ. ಆ ಭಾನುವಾರ ನಾನು ಊರಿಗೆ ಹೋದೆ. ಅವಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ನನ್ನ ಮುಂದಿಟ್ಟಳು.

‘ಕೂತ್ಕೊಳ್ಳಿ ಸಾರ್’ ಅಂದಳು.

ಮಾವ ಎಂದು ಅವಳು ಆಮೇಲೆ ಯಾವತ್ತೂ ಕರೆಯಲಿಲ್ಲ.